ಮಂಗಳವಾರದ ತಪಾಸಣೆ

ಸುಬಿಯಾಲ್ದೆಯಲ್ಲಿ ಯಾರನ್ನಾದರೂ ‘ಎಲ್ಲಿಗೆ ಹೊರಟಿರಿ’ ಎಂದು ಕೇಳಿದರೆ ಅದು ಕುಶಲ ವಿಚಾರಿಸಿದಂತಲ್ಲ, ಕೊರಳಪಟ್ಟಿಗೆ ಕೈ ಹಾಕಿದಂತೆ. ‘ಇಲ್ಲೇ’ ಎನ್ನುತ್ತಾರೆ, ಇಲ್ಲವೇ ‘ಅಲ್ಲೇ’ ಎನ್ನುತ್ತಾರೆ, ಕಾಲು ಮಾತ್ರ ನಿಲ್ಲಿಸುವುದಿಲ್ಲ. ಹೊಳೆಯ ಈಚೆ ದಡ ಸ್ಪೇನಿಗೆ, ಆಚೆ ದಡ ಫ್ರಾನ್ಸಿಗೆ ಎಂದು ಯಾವ ಕಾಲದಲ್ಲೋ ಯಾರೋ ದೊರೆಗಳು ಹಂಚಿಕೊಂಡು ಹೋದರು. ಎರಡೂ ದಡದಲ್ಲಿ ಇರುವವರು ಬಾಸ್ಕರೇ, ಆಡುವ ಮಾತೂ ಒಂದೇ. ಸೋದರತ್ತೆ ಆ ಕಡೆಯಾದರೆ ಸೋದರಮಾವ ಈ ಕಡೆ. ನಡುವೆ ಸೇತುವೆ, ಸೇತುವೆಯ ಮೇಲೆ ಸುಂಕದ ಠಾಣೆ. ಹಾಗಾಗಿ ಕೇಳಿದ್ದಕ್ಕೆ ನೇರ ಉತ್ತರ ಕೊಡಬಾರದು ಎಂಬುದನ್ನು ನಮ್ಮ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಕಲಿಯುತ್ತವೆ. ಪಕ್ಕದ ಮನೆಯಾಕೆ ಎಂದಿಗಿಂತ ಒಂದು ರೊಟ್ಟಿ ಹೆಚ್ಚು ಕೊಂಡರೆ ಅವಳ ಮನೆಯಲ್ಲಿ ಯಾರು ಬಂದು ಅಡಗಿರಬಹುದು ಎಂದು ಇಡೀ ಬೀದಿ ತಲೆ ಕೆಡಿಸಿಕೊಳ್ಳುತ್ತದೆ. ಬಾಯಿ ಮಾತ್ರ ಬಿಡುವುದಿಲ್ಲ.

ಇಂಥ ಊರಿನಲ್ಲಿ ಗ್ರಾಶಿಯ ಕಸುಬು ಹೆಂಗಸರ ಮೈ ತಡವಿ ನೋಡುವುದಾಗಿತ್ತು.

ದೊಡ್ಡ ಯುದ್ಧ ಮುಗಿದು ಆರೇಳು ವರ್ಷವಾಗಿದ್ದ ಕಾಲ. ಈಚೆ ದಡದಲ್ಲಿ ಸಕ್ಕರೆಗೂ ಬರ, ಔಷಧಿಗೂ ಬರ. ಆಚೆ ಊರಿನಲ್ಲಿ ಮಂಗಳವಾರ ಸಂತೆ. ನಮ್ಮ ಹೆಂಗಸರು ಹೋಗುವಾಗ ಸಣಕಲಾಗಿ ಹೋಗಿ ಬರುವಾಗ ದುಂಡಗಾಗಿ ಬರುತ್ತಿದ್ದರು. ನೈಲಾನ್ ಕಾಲುಚೀಲ, ಸೂಜಿಮದ್ದಿನ ಸೀಸೆ, ಲೈಟರಿನ ಕಲ್ಲು, ಕಸೂತಿ ಪಟ್ಟಿ ಎಲ್ಲವೂ ಲಂಗದ ಒಳಗೆ. ಗಂಡಸು ಪೇದೆಗಳು ಹೆಂಗಸರನ್ನು ಮುಟ್ಟುವಂತಿಲ್ಲ. ಅದಕ್ಕೆ ಸೇತುವೆಯ ಪಕ್ಕದಲ್ಲಿ ಒಂದು ಮರದ ಕೋಣೆ, ಅದರೊಳಗೆ ಗ್ರಾಶಿ. ‘ಬಾ, ಕೈ ಎತ್ತು’ ಎನ್ನುವುದು, ಕೊರಳಿನಿಂದ ಕಾಲಿನವರೆಗೆ ಬೆರಳು ಆಡಿಸುವುದು, ‘ಹೋಗು’ ಎನ್ನುವುದು.

ಅವಳು ಪರಊರಿನವಳಾಗಿದ್ದರೆ ಯಾರೂ ಅಷ್ಟು ಉರಿದುಕೊಳ್ಳುತ್ತಿರಲಿಲ್ಲ. ಅವಳು ಇದೇ ಊರಿನ ಬೋರ್ದಾಶೂರಿ ಮನೆಯ ಮಗಳು. ಠಾಣೆಯ ಪೇದೆಯೊಬ್ಬನನ್ನು, ಒಣ ಬಯಲುಸೀಮೆಯಿಂದ ವರ್ಗವಾಗಿ ಬಂದವನನ್ನು, ಮದುವೆಯಾದಳು. ಅದನ್ನಾದರೂ ಊರು ನುಂಗಿಕೊಂಡಿತ್ತು. ಅವನು ಎದೆಯ ಕಾಯಿಲೆಯಿಂದ ಸತ್ತ ಮೇಲೆ ಠಾಣೆಯವರು ವಿಧವೆಗೆ ಈ ಕೆಲಸ ಕೊಟ್ಟರು, ಅವಳು ಒಪ್ಪಿಕೊಂಡಳು. ಅಂದಿನಿಂದ ಏಳು ವರ್ಷ ಊರಿನ ಒಬ್ಬ ಹೆಂಗಸೂ ಅವಳೊಂದಿಗೆ ಮಾತಾಡಿರಲಿಲ್ಲ. ಅವಳು ನೀರಿಗೆ ಬಂದರೆ ಇವರು ಬಟ್ಟೆ ಒಗೆಯುವ ಕಲ್ಲು ಬಿಟ್ಟು ಏಳುತ್ತಿದ್ದರು. ಅವಳೇನು ಕಡಿಮೆಯೇ, ಎದ್ದು ಹೋದವರ ಬುಟ್ಟಿಯ ಮೇಲೇ ಅವಳ ಕಣ್ಣು.

ಎಲ್ಲರಿಗಿಂತ ಹೆಚ್ಚಾಗಿ ಅವಳ ಗುಮಾನಿ ಇದ್ದದ್ದು ಪಕ್ಕದ ಅರೋತ್ಸೆನಿಯಾ ಮನೆಯ ಮುದುಕಿ ಶಾನೆಟಾಳ ಮೇಲೆ. ಎಪ್ಪತ್ತು ದಾಟಿದವಳು, ಮಂಡಿನೋವಿನವಳು, ಪ್ರತಿ ಮಂಗಳವಾರ ತಪ್ಪದೆ ಸಂತೆಗೆ ಹೋಗುತ್ತಿದ್ದಳು. ಬರುವಾಗ ಬುಟ್ಟಿಯಲ್ಲಿ ಒಂದು ಹಿಡಿ ಸೊಪ್ಪು. ಒಂದು ಹಿಡಿ ಸೊಪ್ಪಿಗಾಗಿ ಯಾರಾದರೂ ನಾಲ್ಕು ಮೈಲಿ ನಡೆಯುತ್ತಾರೆಯೇ? ಅದೂ ಅಲ್ಲದೆ ಸರದಿಯಲ್ಲಿ ಯಾವಾಗಲೂ ಮೊದಲು ನಿಲ್ಲುವವಳು ಅವಳೇ, ತಡವರಿಸುವವಳೂ ಅವಳೇ. ಕೈ ಎತ್ತು ಎಂದರೆ ಅರ್ಧ ಎತ್ತುವಳು, ಕಣ್ಣು ತಪ್ಪಿಸುವಳು, ಸೊಂಟದ ಹತ್ತಿರ ಬೆರಳು ಹೋದರೆ ಬೆಚ್ಚುವಳು. ಗ್ರಾಶಿ ಅವಳ ಜಡೆ ಬಿಚ್ಚಿಸಿದಳು, ಒಳಲಂಗದ ಮಡಿಕೆ ಬಿಡಿಸಿದಳು, ಬುಟ್ಟಿಯ ತಳ ಕಿತ್ತು ನೋಡಿದಳು. ಏಳು ವರ್ಷದಲ್ಲಿ ಒಂದು ಗುಂಡುಸೂಜಿಯೂ ಸಿಗಲಿಲ್ಲ. ಸಿಗದಷ್ಟೂ ಗುಮಾನಿ ಬೆಳೆಯಿತು. ಕೊನೆಯ ಮಂಗಳವಾರ ಮುದುಕಿ ಕೆಮ್ಮುತ್ತಾ ಬಂದಳು. ಇದು ಹೊಸ ನಾಟಕ ಎಂದುಕೊಂಡು ಗ್ರಾಶಿ ಅವಳ ಬೂಟು ಬಿಚ್ಚಿಸಿ, ಅಟ್ಟೆ ಪರೀಕ್ಷಿಸುವವರೆಗೂ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದಳು.

ಗುರುವಾರ ಬೆಳಿಗ್ಗೆ ಚರ್ಚಿನ ಗಂಟೆ ಹೆಂಗಸಿನ ಸಾವಿನ ಲೆಕ್ಕದಲ್ಲಿ ಬಡಿಯಿತು. ಕಿಟಕಿಯಿಂದ ನೋಡಿದರೆ ಅರೋತ್ಸೆನಿಯಾದ ಬಾಗಿಲು ಅರ್ಧ ಮುಚ್ಚಿತ್ತು. ಗ್ರಾಶಿಗೆ ಅರ್ಥವಾಯಿತು. ಅವಳು ಕೈ ತೊಳೆದು, ಶುಭ್ರವಾದ ಏಪ್ರನ್ ಕಟ್ಟಿಕೊಂಡು, ಬಾಗಿಲ ಬಳಿ ಕುರ್ಚಿ ಹಾಕಿ ಕುಳಿತಳು.

ಯಾಕೆಂದರೆ ನಮ್ಮಲ್ಲಿ ಪ್ರತಿ ಮನೆಗೂ ಒಂದು ಮೊದಲ ನೆರೆಮನೆ ಉಂಟು. ಅದನ್ನು ಯಾರೂ ಆರಿಸಿಕೊಳ್ಳುವುದಲ್ಲ. ಚರ್ಚಿನ ದಾರಿಯಲ್ಲಿ ಮುಂದೆ ಸಿಗುವ ಮೊದಲ ಮನೆ ಯಾವುದೋ ಅದೇ. ಜಗಳವಾಡಿದರೂ, ಮಾತು ಬಿಟ್ಟರೂ ಆ ಸಂಬಂಧ ಹೋಗದು, ಅದು ಮನುಷ್ಯರದಲ್ಲ, ಮನೆಗಳದು. ಸಾವಾದರೆ ಪಾದ್ರಿಗಿಂತ ಮೊದಲು ಮೊದಲ ನೆರೆಯನ್ನು ಕರೆಯಬೇಕು. ಆಕೆ ಬಂದ ಗಳಿಗೆಯಿಂದ ಮನೆಯ ಕೀಲಿಗೊಂಚಲು ಆಕೆಯ ಸೊಂಟಕ್ಕೆ. ಹೆಣಕ್ಕೆ ಸ್ನಾನ ಮಾಡಿಸುವವಳು, ಒಲೆ ಹಚ್ಚುವವಳು, ಮೆರವಣಿಗೆಯಲ್ಲಿ ಹೆಂಗಸರ ಮುಂದೆ ನಡೆಯುವವಳು ಆಕೆಯೇ. ಮಣ್ಣಾಗುವವರೆಗೆ ಮನೆಯವರು ಒಂದು ಚಮಚವನ್ನೂ ಮುಟ್ಟುವ ಹಾಗಿಲ್ಲ. ಅರೋತ್ಸೆನಿಯಾದ ಮೊದಲ ನೆರೆ ಬೋರ್ದಾಶೂರಿ. ಈ ಊರಿನಲ್ಲಿ ಗ್ರಾಶಿಗೆ ಉಳಿದಿದ್ದ ಸ್ಥಾನ ಅದೊಂದೇ. ಅದಕ್ಕೂ ಕರೆಯದೆ ಬಿಟ್ಟರೆ ಅವಳು ಇದ್ದೂ ಸತ್ತಂತೆ.

ಗಂಟೆ ನಿಂತು ಒಂದು ತಾಸಾಯಿತು, ಎರಡಾಯಿತು. ಯಾರೂ ಬರಲಿಲ್ಲ. ಬಂದವನು ಠಾಣೆಯ ಮುಖ್ಯಸ್ಥ ರೆಕೆಹೊ. ಊರಿಗೆ ಬಂದು ಎರಡೇ ವರ್ಷವಾಗಿದ್ದರೂ ನಮ್ಮ ಪದ್ಧತಿಗಳನ್ನೆಲ್ಲ ವಿಚಾರಿಸಿ ತಿಳಿದುಕೊಂಡಿದ್ದ ಆಸಾಮಿ. ಬಾಗಿಲಲ್ಲೇ ನಿಂತು ಟೋಪಿ ತೆಗೆದು, ಎರಡು ದಿನ ರಜೆ ತಾನೇ ಕೊಡುತ್ತೇನೆ ಎಂದ. ಅಲ್ಲಿಯವರೆಗೆ ಪಕ್ಕದ ಠಾಣೆಯಿಂದ ಬೇರೆ ಹೆಂಗಸು ಬರುತ್ತಾಳಂತೆ. ಶಾನೆಟಾಳ ಸೊಸೆ ಮದಲೆನ್ ಮನೆಯಲ್ಲಿ ಮಾಲು ತುಂಬಿದೆ ಎಂದು ಅವನಿಗೆ ಅನುಮಾನ, ಆದರೆ ಒಳಗೆ ಹೋಗಲು ಕಾಗದಪತ್ರವಿಲ್ಲ.

‘ಕೀಲಿ ನಿನ್ನ ಕೈಗೇ ಬರುತ್ತಲ್ಲಮ್ಮ, ನೋಡಿಕೊಂಡು ಬಾ’ ಎಂದ. ‘ಏಳು ವರ್ಷದಲ್ಲಿ ನೀನು ಹಿಡಿದಿರೋದು ಮೂರೇ ಜನ, ಅವ್ರೂ ಪರಊರಿನವರು. ಇದೂ ಬರಿಗೈ ಆದ್ರೆ, ಆ ಬರೋ ಹೆಂಗಸನ್ನೇ ಇಲ್ಲಿ ಕಾಯಂ ಮಾಡ್ತೀನಿ.’

ಅವನು ಹೋದ ಮೇಲೆ ಗ್ರಾಶಿ ಬೀದಿಯ ಕಿಟಕಿಗಳ ಕಡೆ ನೋಡಿದಳು. ಅವನು ಈ ಬಾಗಿಲಿಗೆ ಬಂದದ್ದನ್ನು ಇಡೀ ಬೀದಿ ಪರದೆಯ ಸಂದಿನಿಂದ ನೋಡಿರುತ್ತದೆ. ಇನ್ನು ಯಾರು ಕರೆಯುತ್ತಾರೆ?

ಆದರೂ ಮೂರನೆಯ ತಾಸಿಗೆ ಮದಲೆನ್ ಬಂದಳು. ನಲವತ್ತರ ಗಟ್ಟಿ ಹೆಂಗಸು, ಗಂಡ ಕಾಡಿನ ಮರ ಕಡಿಯುವ ಕೆಲಸದ ಮೇಲೆ ದೂರ ಇದ್ದ. ಹೊಸ್ತಿಲು ದಾಟದೆ, ಮುಖ ನೋಡದೆ, ‘ಅರೋತ್ಸೆನಿಯಾದಲ್ಲಿ ಸಾವಾಗಿದೆ. ಬಾ’ ಎಂದು ಕೀಲಿಗೊಂಚಲನ್ನು ಚಾಚಿದಳು. ಅಷ್ಟೇ.

ಗ್ರಾಶಿ ಆ ಮನೆಯೊಳಗೆ ಕಾಲಿಟ್ಟು ಏಳು ವರ್ಷವಾಗಿತ್ತು. ಮೂರು ತಾಸು ತಡ ಮಾಡಿದ್ದು ಮನೆ ಖಾಲಿ ಮಾಡಲಿಕ್ಕೇ ಇರಬೇಕು, ಒಂದು ನೂಲೂ ಸಿಗದಂತೆ ಗುಡಿಸಿಟ್ಟಿರುತ್ತಾರೆ ಎಂದು ಎಣಿಸಿಕೊಂಡೇ ಹೋಗಿದ್ದಳು. ಹೆಣದ ಮೇಲೆ ಹೊದಿಸುವ ಒಳ್ಳೆಯ ದುಪ್ಪಟಿ ಬೇಕಿತ್ತು. ಮಹಡಿಯ ದೊಡ್ಡ ಮರದ ಪೆಟ್ಟಿಗೆ ತೆರೆದಳು. ದುಪ್ಪಟಿಗಳ ಪಕ್ಕದಲ್ಲಿ, ಅಡಗಿಸಿಯೂ ಇಲ್ಲ ಮುಚ್ಚಿಯೂ ಇಲ್ಲ, ಕಾಲುಚೀಲದ ಕಟ್ಟುಗಳು, ಸೂಜಿಮದ್ದಿನ ಪೆಟ್ಟಿಗೆಗಳು, ಸುರುಳಿ ಸುರುಳಿ ಕಸೂತಿ. ಒಬ್ಬಳ ಮಾಲಲ್ಲ, ಅರ್ಧ ಊರಿನದು. ಒಂದು ಕಾಲುಚೀಲದ ಕಟ್ಟಿನ ಮೇಲೆ ಬೇಕರಿಯವಳ ಮನೆಯ ಹೆಸರೂ ಬರೆದಿತ್ತು.

ಖಾಲಿ ಪೆಟ್ಟಿಗೆ ಕಂಡಿದ್ದರೆ ಗ್ರಾಶಿಗೆ ಅವಮಾನವಾಗುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ತುಂಬಿದ ಪೆಟ್ಟಿಗೆ ಮಾತ್ರ ಅರ್ಥವಾಗಲಿಲ್ಲ. ಇದನ್ನೆಲ್ಲ ನನ್ನ ಕಣ್ಣಿಗೆ ಬೀಳಲೆಂದೇ ಇಟ್ಟಿದ್ದಾರೆ ಎಂದುಕೊಂಡಳು. ನಾನು ಬಾಯಿ ಬಿಡುತ್ತೇನೋ ಇಲ್ಲವೋ ಎಂದು ನೋಡುವ ಉಪಾಯ. ಇಲ್ಲವೇ ರೆಕೆಹೊನೇ ಮದಲೆನ್ ಜೊತೆ ಸೇರಿ ನನ್ನ ಕೆಲಸ ಕೀಳಿಸಲು ಹೂಡಿದ ಆಟ. ಏಳು ವರ್ಷ ಊರಿನವರನ್ನು ಕಳ್ಳರೆಂದು ನೋಡಿದವಳಿಗೆ, ಯಾರೋ ನಂಬಿಕೆಯಿಂದ ಕೀಲಿ ಕೊಟ್ಟಿರಬಹುದು ಎಂಬ ಯೋಚನೆ ಹತ್ತಿರಕ್ಕೂ ಸುಳಿಯಲಿಲ್ಲ. ದುಪ್ಪಟಿ ಎಳೆದುಕೊಂಡು ಪೆಟ್ಟಿಗೆ ಮುಚ್ಚಿದಳು.

ಬೆಚ್ಚನೆಯ ನೀರಿನಲ್ಲಿ ಶಾನೆಟಾಳ ಮೈ ತೊಳೆದಳು. ಮದಲೆನ್ ಬೋಗುಣಿ ಹಿಡಿದು ನಿಂತಿದ್ದಳು. ಬಟ್ಟೆಯಿಲ್ಲದ ಮುದುಕಿ ಎಷ್ಟು ಸಣ್ಣವಳು! ಮದುವೆಗೆ ಮೊದಲು ತನ್ನ ಜಡೆ ಹೆಣೆದವಳು, ತನ್ನ ತಾಯಿ ಸತ್ತಾಗ ಬೋರ್ದಾಶೂರಿಗೆ ಬಂದು ಮೂರು ದಿನ ಊಟ ಬಡಿಸಿದವಳು ಇವಳೇ. ಕಪ್ಪು ಉಡುಪು ತೊಡಿಸಿದರು. ಗುಂಡಿಗಳನ್ನು ಹಾಕಿ ಮುಗಿಸಿದ ಗ್ರಾಶಿಯ ಕೈಗಳು ಅಲ್ಲಿಗೆ ನಿಲ್ಲಲಿಲ್ಲ. ಬೆರಳುಗಳು ಕೊರಳಪಟ್ಟಿಯ ಒಳಗೆ ಹೋದವು, ಕಂಕುಳ ಹೊಲಿಗೆಯನ್ನು ಒತ್ತಿದವು, ಸೊಂಟಪಟ್ಟಿಯ ಉದ್ದಕ್ಕೂ ಹರಿದವು, ಲಂಗದ ಅಂಚನ್ನು ಎರಡು ಬೆರಳಿನ ನಡುವೆ ಉಜ್ಜುತ್ತಾ ಸುತ್ತು ಬಂದವು. ಎಡಪಾದದ ಹತ್ತಿರ ಬಂದಾಗಲೇ ತಾನು ಏನು ಮಾಡುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು.

ತಲೆ ಎತ್ತಿದರೆ ಮದಲೆನ್ ನೋಡುತ್ತಿದ್ದಳು.

‘ಈಗ್ಲೂ ಏನೂ ಸಿಗ್ಲಿಲ್ವಾ?’ ಎಂದಳು.

ಗ್ರಾಶಿ ಲಂಗದ ಅಂಚನ್ನು ಪಾದದ ಮೇಲೆ ಎಳೆದು ಸರಿಮಾಡಿದಳು. ಅಂದು ಪೂರ್ತಿ ಅವಳು ಒಲೆಯ ಮುಂದೆ ತಲೆ ಬಗ್ಗಿಸಿಕೊಂಡು ಕಡಲೆ ಬೇಯಿಸಿದಳು, ಉಪ್ಪುಮೀನು ನೆನೆಹಾಕಿದಳು. ಹೆಂಗಸರು ಬಂದರು, ಜಪಮಣಿ ಎಣಿಸಿದರು, ಹೋದರು. ಅವಳು ಕೊಟ್ಟ ಸಾರು ಕುಡಿದರು, ಅವಳ ಕಡೆ ನೋಡಲಿಲ್ಲ. ಪದ್ಧತಿ ಎಂದರೆ ಪದ್ಧತಿ.

ಶುಕ್ರವಾರ ಮಧ್ಯಾಹ್ನ ಬೇಕರಿಯವಳು ಏದುಸಿರು ಬಿಡುತ್ತಾ ಬಂದಳು. ಪಕ್ಕದ ಠಾಣೆಯಿಂದ ಬಂದ ಹೆಂಗಸು, ಸಂತೆಯಿಲ್ಲದ ದಿನವೂ, ಒಂದೇ ಬೆಳಿಗ್ಗೆ ನಾಲ್ವರನ್ನು ಹಿಡಿದಿದ್ದಳಂತೆ. ಒಬ್ಬೊಬ್ಬರಿಗೆ ಎರಡೇ ನಿಮಿಷ, ಸರಸರ ತಡವಿ ಮುಂದಕ್ಕೆ ತಳ್ಳುತ್ತಾಳೆ, ಯಾರನ್ನೂ ಬಿಡುವುದಿಲ್ಲ. ಗಾಣದ ಮನೆಯ ಬಸುರಿ ಸೊಸೆಯನ್ನೂ ಠಾಣೆಯಲ್ಲಿ ಕೂರಿಸಿದ್ದಾರೆ. ಅಡುಗೆಮನೆಯಲ್ಲಿದ್ದವರೆಲ್ಲ ಗ್ರಾಶಿಯ ಬೆನ್ನು ನೋಡಿದರು. ಆಮೇಲೆ ಒಬ್ಬೊಬ್ಬರೇ ಎದ್ದು ಗಾಣದ ಮನೆಗೆ ಹೋದರು. ಗ್ರಾಶಿ, ಮದಲೆನ್ ಇಬ್ಬರೇ ಉಳಿದರು.

ಮದಲೆನ್ ಕೇಳಿದಳು: ‘ಅವಳ ಕೈ ನಿನ್ನ ಕೈಗಿಂತ ಚುರುಕಾ, ಗ್ರಾಶಿ? ನೀನು ಏಳು ವರ್ಷಕ್ಕೆ ಮೂರು, ಅವಳು ಒಂದು ಬೆಳಿಗ್ಗೆಗೆ ನಾಲ್ಕು.’

ಗ್ರಾಶಿಯ ಕೈಯಲ್ಲಿದ್ದ ಸೌಟು ನಿಂತಿತು.

‘ನಮ್ಮತ್ತೆ ಸಂತೇಲಿ ಏನೂ ತಗೋತಿರ್ಲಿಲ್ಲ. ಅಲ್ಲಿ ಚರ್ಚಿನ ಕಟ್ಟೆ ಮೇಲೆ ಕೂತ್ಕೊಂಡು ಹೊತ್ತು ಕಳೆಯೋಳು. ವಾಪಸು ಬರೋವಾಗ ಎಲ್ಲರಿಗಿಂತ ಮುಂದೆ ನಿಂತ್ಕೊಂಡು, ಬೇಕಂತ ಬೆಚ್ಚಿಬೀಳೋಳು, ಬೇಕಂತ ಕಣ್ಣು ತಪ್ಪಿಸೋಳು. ನೀನು ಅವಳನ್ನ ಅರ್ಧ ಗಂಟೆ ಬಿಚ್ಚಿ ನೋಡೋ ಹೊತ್ತಿಗೆ ಹೊರಗೆ ಸಾಲು ಬೆಳೀತಿತ್ತು. ಪೇದೆಗಳಿಗೆ ಊಟದ ಹೊತ್ತು. ಬೇಜಾರಾಗಿ, ಹೋಗ್ರೇ ಹೋಗಿ ಅಂತ ಎಲ್ರನ್ನೂ ದಾಟಿಸಿಬಿಡೋರು.’

ಗ್ರಾಶಿಗೆ ಮೊದಲು ಬಂದದ್ದು ಸಿಟ್ಟು. ತಾನು ಎಷ್ಟು ಹೆಚ್ಚು ಗುಮಾನಿ ಪಟ್ಟಳೋ ಅಷ್ಟೂ ಮಾಲು ತನ್ನ ಬೆನ್ನ ಹಿಂದೆಯೇ ದಾಟಿಹೋಗಿದೆ.

‘ಅಂದ್ರೆ ಏಳು ವರ್ಷ ಇಡೀ ಊರು ಸೇರಿ ನನ್ನನ್ನ ಪೆದ್ದಿ ಮಾಡ್ತು’ ಎಂದಳು.

‘ಮಾಡಿದ್ವಿ. ನಕ್ಕಿದ್ದೂ ಉಂಟು, ಇಲ್ಲ ಅನ್ನಲ್ಲ. ಒಂದ್ಸಲ ಇದೇ ಒಲೆ ಮುಂದೆ ನಗ್ತಾ ಕೂತಿದ್ದಾಗ ಅತ್ತೆ ಎಲ್ರಿಗೂ ಬೈದ್ಲು. ನಾನು ಅಲ್ಲಿ ನಿಲ್ಲೋದು ನಿಮ್ಮ ಕಾಲುಚೀಲಕ್ಕಲ್ಲ ಕಣ್ರೇ, ಅವಳು ನಿಮ್ಮಲ್ಲಿ ಒಬ್ಬಳನ್ನ ಜೈಲಿಗೆ ಹಾಕ್ಸಿದ್ರೆ ನಾಳೆ ನಾನು ಸತ್ತಾಗ ಅವಳ ಮನೆ ಬಾಗಿಲಿಗೆ ನಿಮ್ಮಲ್ಲಿ ಯಾರು ಹೋಗ್ತೀರಿ, ಅಂದ್ಲು.’

ಸಾರು ಕುದಿದು ಒಲೆಗೆ ಉಕ್ಕಿತು. ಇಬ್ಬರೂ ಅದನ್ನು ಇಳಿಸಲಿಲ್ಲ.

‘ಹಾಗಂತ ನನಗೆ ನಿನ್ನ ಕಂಡ್ರೆ ಆಗುತ್ತೆ ಅಂದ್ಕೋಬೇಡ’ ಎಂದು ಮದಲೆನ್ ಮುಂದುವರಿಸಿದಳು. ‘ನಿನ್ನ ಬಾಗಿಲಿಗೆ ಬರೋಕೆ ನನಗೆ ಮೂರು ತಾಸು ಹಿಡೀತು. ಮಂಗಳವಾರ ಅವಳನ್ನ ಬರಿಗಾಲಲ್ಲಿ ನಿಲ್ಲಿಸಿದೆಯಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಪೆಟ್ಟಿಗೆ ಹಾಗೇ ಇರ್ಲಿ ಅಂತ ಸಾಯೋ ಮೊದಲು ಹೇಳಿದ್ದೂ ಅವಳೇ. ಮೊದಲ ನೆರೆ ಬಂದಾಗ ಮನೆ ಹೇಗಿರುತ್ತೋ ಹಾಗೇ ಇರ್ಬೇಕು ಅಂದ್ಲು. ಈಗ ನಿನ್ನ ಸಾಹೇಬನಿಗೆ ಏನು ಹೇಳ್ತೀಯೋ ಹೇಳ್ಕೋ.’

ಮನೆಗೆ ಹೋಗಿ ಬಟ್ಟೆ ಬದಲಿಸುವಾಗಲೂ ಗ್ರಾಶಿಯ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ಸತ್ತವಳ ಮಾತಿಗೆ ಸಾಕ್ಷಿ ಯಾರು? ಮದಲೆನ್ ಸುಳ್ಳು ಹೆಣೆಯುವುದರಲ್ಲಿ ಎತ್ತಿದ ಕೈ. ಪೆಟ್ಟಿಗೆ ಉಳಿಸಿಕೊಳ್ಳಲು ಈ ಕತೆ ಕಟ್ಟಿರಬಹುದು. ಆದರೆ ಮುದುಕಿ ಕೈಯನ್ನು ಅರ್ಧ ಎತ್ತುತ್ತಿದ್ದ ರೀತಿ ಅವಳಿಗೆ ನೆನಪಾಗುತ್ತಿತ್ತು. ಈಗ ಯೋಚಿಸಿದರೆ ಅದು ಹೆದರಿದವಳ ಕೈಯಲ್ಲ, ಹೊತ್ತು ಎಳೆಯುವವಳ ಕೈ. ಅಷ್ಟು ವರ್ಷ ವಾರಕ್ಕೊಮ್ಮೆ ಆ ಮುದುಕಿ ತನ್ನ ಮೈಯನ್ನು ಇವಳ ಬೆರಳಿಗೆ ಒಪ್ಪಿಸಿ ನಿಂತಿದ್ದಳು, ಇವಳು ಅದಕ್ಕೆ ಪ್ರತಿಯಾಗಿ ಒಂದು ಕುಶಲವನ್ನೂ ಕೇಳಿರಲಿಲ್ಲ. ಗ್ರಾಶಿ ಮಂಚದ ತುದಿಯಲ್ಲಿ ಕುಳಿತು ಅತ್ತಳು.

ಶನಿವಾರ ಬೆಳಿಗ್ಗೆ ಶವಪೆಟ್ಟಿಗೆಯ ಹಿಂದೆ ಹೆಂಗಸರ ಮುಂದಾಳಾಗಿ ಅವಳೇ ನಡೆದಳು. ಚರ್ಚಿನೊಳಗೆ ಅರೋತ್ಸೆನಿಯಾ ಮನೆಯವರು ತಲೆತಲಾಂತರದಿಂದ ಮೊಣಕಾಲೂರುವ ಜಾಗದಲ್ಲಿ ಸತ್ತವರಿಗಾಗಿ ಉರಿಸುವ ಮೇಣದಬತ್ತಿಯ ಸುರುಳಿ ಹಚ್ಚಿದವಳೂ ಅವಳೇ. ಅವಳ ಹಿಂದೆ ನಡೆಯಲು ಯಾರೂ ತಕರಾರು ಎತ್ತಲಿಲ್ಲ. ಗಾಣದ ಮನೆಯ ಅತ್ತೆ ಕೂಡ ಬಂದಿದ್ದಳು.

ಮಣ್ಣಾಗಿ, ಪೂಜೆಯೂ ಮುಗಿದು ಜನ ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ರೆಕೆಹೊ ಕಾಯುತ್ತಿದ್ದ. ಸಂತಾಪ ಹೇಳಲು ಬಂದವನಂತೆ ಟೋಪಿ ಕೈಯಲ್ಲಿತ್ತು. ಗ್ರಾಶಿಯನ್ನು ಪಕ್ಕಕ್ಕೆ ಕರೆದು ಏನು ಕಂಡೆ ಎಂದು ಕೇಳಿದ.

‘ಎಲ್ಲ ನೋಡಿದೆ ಸಾಹೇಬ್ರೇ. ಏನೂ ಇಲ್ಲ’ ಎಂದಳು.

ರೆಕೆಹೊ ಅವಳ ಮುಖವನ್ನೇ ನೋಡಿದ. ಎರಡು ದಿನ ಕೀಲಿ ಸೊಂಟದಲ್ಲಿದ್ದವಳು ಒಂದು ಕಾಲುಚೀಲವನ್ನೂ ಕಾಣಲಿಲ್ಲವೇ ಎಂದ. ನೀನೂ ಇವರ ಪೈಕಿಯೇ ಎಂದು ಈಗ ಖಾತ್ರಿಯಾಯಿತು, ಸೋಮವಾರವೇ ಮೇಲಕ್ಕೆ ಬರೆಯುತ್ತೇನೆ, ಆ ಹೆಂಗಸು ಇಲ್ಲೇ ಉಳಿಯಲಿ ಎಂದ. ಅವನು ದನಿ ತಗ್ಗಿಸಿರಲಿಲ್ಲ. ಮೆಟ್ಟಿಲ ಮೇಲಿದ್ದವರೆಲ್ಲ ಕೇಳಿಸಿಕೊಂಡರು.

ಆಗ ಮದಲೆನ್ ಗುಂಪನ್ನು ಸೀಳಿಕೊಂಡು ಇಳಿದು ಬಂದಳು. ನೇರ ಗ್ರಾಶಿಯ ಎದುರು ನಿಂತು, ಊರಿಗೆಲ್ಲ ಕೇಳುವಂತೆ, ಒಂದೊಂದೇ ಪದವನ್ನು ಕಲ್ಲಿನಂತೆ ಎತ್ತಿಡುತ್ತಾ ಹೇಳಿದಳು:

‘ಈಕೆ ಎಲ್ಲವನ್ನೂ ಹುಡುಕಿದಳು. ಹೆಣವನ್ನು ಸಹ ಬಿಡಲಿಲ್ಲ. ನನ್ನ ಅತ್ತೆಯ ಲಂಗದ ಅಂಚನ್ನು ಹಿಂಡಿ ನೋಡಿದಳು. ನಾನು ಕಣ್ಣಾರೆ ಕಂಡೆ. ಈಕೆ ಸರ್ಕಾರದ ನಾಯಿ. ಇನ್ನು ಈಕೆ ನನ್ನ ಹೊಸ್ತಿಲು ತುಳಿಯಬಾರದು.’

ಪಾದ್ರಿ ಬಾಗಿಲಲ್ಲೇ ನಿಂತುಬಿಟ್ಟ. ಮದಲೆನ್ ಗ್ರಾಶಿಯ ಕಾಲ ಬಳಿ ಉಗಿದು, ಬೆನ್ನು ತಿರುಗಿಸಿ ನಡೆದಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ನಡೆದರು.

ರೆಕೆಹೊನ ಹುಬ್ಬು ಮೇಲೇರಿತು. ‘ಹೆಣವನ್ನೂ?’ ಎಂದು ಕೇಳಿದ. ಗ್ರಾಶಿ ಹೌದೆಂದು ತಲೆಯಾಡಿಸಿದಳು, ಅದು ನಿಜವೇ ಆಗಿತ್ತು. ಅವನು ಟೋಪಿಯನ್ನು ತಲೆಗಿಟ್ಟುಕೊಂಡು, ಹಾಗಾದರೆ ಆ ಮನೆಯಲ್ಲಿ ನಿಜಕ್ಕೂ ಏನೂ ಇರಲಿಕ್ಕಿಲ್ಲ, ಸೋಮವಾರ ಎಂದಿನಂತೆ ಕೆಲಸಕ್ಕೆ ಬಾ ಎಂದು ಹೇಳಿ ಹೊರಟುಹೋದ. ಹೋಗುವಾಗ ಅವನ ಮುಖದಲ್ಲಿ ಅವಳ ಬಗ್ಗೆ ಗೌರವವಿತ್ತು, ಕೊಂಚ ಅಸಹ್ಯವೂ ಇತ್ತು.

ಚರ್ಚಿನ ಮುಂದೆ ಗ್ರಾಶಿ ಒಬ್ಬಳೇ ಉಳಿದಳು. ಅವಮಾನದಿಂದ ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು. ಮನೆಯ ದಾರಿ ಅರ್ಧ ಸವೆದ ಮೇಲೆ ಅವಳಿಗೆ ಥಟ್ಟನೆ ಹೊಳೆದು ಕಾಲು ನಿಂತಿತು. ಮದಲೆನ್ ಅಷ್ಟನ್ನೂ ಬೈದದ್ದು ಸ್ಪ್ಯಾನಿಷ್‌ನಲ್ಲಿ. ಕೋಳಿಗೂ ನಾಯಿಗೂ ದೇವರಿಗೂ ಬಾಸ್ಕ್ ಬಿಟ್ಟು ಬೇರೆ ಮಾತಾಡದವಳು, ಅಂಚೆಯವನ ಹತ್ತಿರ ಸ್ಪ್ಯಾನಿಷ್‌ನಲ್ಲಿ ಒಂದು ಸ್ಟಾಂಪ್ ಕೇಳಲೂ ಒದ್ದಾಡುವವಳು, ಇಷ್ಟು ವಾಕ್ಯಗಳನ್ನು ಎಲ್ಲಿಯೂ ಎಡವದೆ ಹೇಳಿದ್ದಳು. ಯಾರನ್ನೋ ಕೇಳಿ, ಬಾಯಿಪಾಠ ಮಾಡಿಕೊಂಡೇ ಬಂದಿರಬೇಕು. ಬಾಸ್ಕ್ ಬಾರದ ಸಾಹೇಬನಿಗೆ ತಿಳಿಯಲಿ, ಇವಳ ಕೆಲಸ ಉಳಿಯಲಿ ಎಂದೋ? ಇಲ್ಲಾ, ಪರಊರಿನವನ ಎದುರು ಇವಳ ಮಾನ ಕಳೆಯಬೇಕೆಂದೋ?

ಅರೋತ್ಸೆನಿಯಾದ ಮುಂದೆ ಹಾದು ಬರುವಾಗ ಮದಲೆನ್ ಕಿಟಕಿಯಲ್ಲಿ ನಿಂತಿದ್ದಳು. ಗ್ರಾಶಿ ನಿಧಾನವಾಗಿ, ಕಣ್ಣಿನಿಂದ ಬಾಯಿಯವರೆಗೆ, ಬಾಯಿಯಿಂದ ಕಣ್ಣಿನವರೆಗೆ, ಆ ಮುಖವನ್ನು ಹುಡುಕಿದಳು. ಏನೂ ಸಿಗಲಿಲ್ಲ. ಮದಲೆನ್ ಕಿಟಕಿ ಮುಚ್ಚಿಕೊಂಡಳು.